‘ಏಜ್ ಬಾರ್’ ಆದವರ ಉದ್ಯೋಗದ ಪ್ರಶ್ನೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಪ್ರತಿವರ್ಷ ಈ ವೇದಿಕೆಯಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಅದು ಆಗಲೇಬೇಕಾದ ಕೆಲಸ. ಆದರೆ ಆ ಮಕ್ಕಳನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಅಣ್ಣ, ಚಿಕ್ಕಪ್ಪ, ತಾಯಿ ಇವರ ಕಡೆ ನಾವು ಅಷ್ಟಾಗಿ ನೋಡುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಬಿ.ಎ. ಮುಗಿಸಿದವರು, ಡಿ.ಎಡ್., ಬಿ.ಎಡ್. ಮಾಡಿದವರು. ವಯಸ್ಸು 36, 40, 44. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಒಂದೇ ಉತ್ತರ: ‘ಏಜ್ ಬಾರ್ ಆಗ್ಯಾದ ರೀ.’ ಇಂಗ್ಲಿಷ್ ಓದಲು ಬಾರದವರಿಗೂ ಈ ಎರಡು ಶಬ್ದ ಬಾಯಿಪಾಠವಾಗಿವೆ. ಇವತ್ತಿನ ನನ್ನ ಮಾತು ಈ ಎರಡು ಶಬ್ದಗಳ ಬಗ್ಗೆ.

ಮೊದಲು ನಮ್ಮ ಜಿಲ್ಲೆಯ ಸ್ಥಿತಿ ನೋಡೋಣ. ಗುಲಬರ್ಗಾದಿಂದ ಬೇರೆಯಾಗಿ 2010ರಲ್ಲಿ ಯಾದಗಿರಿ ಜಿಲ್ಲೆ ಆಯಿತು. ಮರುವರ್ಷದ ಜನಗಣತಿಯಲ್ಲಿ ನಮ್ಮ ಸಾಕ್ಷರತೆ ಶೇಕಡಾ 51.83. ರಾಜ್ಯದ್ದು 75.36. ಇಡೀ ಕರ್ನಾಟಕದಲ್ಲಿ ಕೊನೆಯ ಸ್ಥಾನ ನಮ್ಮದು. ಹೆಣ್ಣುಮಕ್ಕಳದ್ದು ಸುಮಾರು 41. ಅಂಥ ಊರುಗಳಲ್ಲಿ ಮಗು ಆರು ವರ್ಷಕ್ಕೆ ಶಾಲೆಗೆ ಸೇರಿ, ಹದಿನಾರಕ್ಕೆ ಎಸ್ಸೆಸ್ಸೆಲ್ಸಿ, ಇಪ್ಪತ್ತೊಂದಕ್ಕೆ ಪದವಿ ಮುಗಿಸುವುದು ಪುಸ್ತಕದ ಲೆಕ್ಕ. ನಮ್ಮಲ್ಲಿ ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪುತ್ತದೆ. ಅಪ್ಪ ಅವ್ವ ಬೆಂಗಳೂರಿಗೆ, ಪುಣೆಗೆ ಕಟ್ಟಡ ಕೆಲಸಕ್ಕೆ ಹೋದರೆ ಮಕ್ಕಳೂ ಹೋಗುತ್ತಾರೆ. ಗಣಿತದಲ್ಲಿ ಫೇಲಾದವನು ಗ್ಯಾರೇಜು ಸೇರಿ, ನಾಲ್ಕು ವರ್ಷದ ಮೇಲೆ ಮತ್ತೆ ಪರೀಕ್ಷೆಗೆ ಕೂಡುತ್ತಾನೆ. ಹುಡುಗಿಯ ಮದುವೆಯಾಗಿ, ಎರಡು ಮಕ್ಕಳಾಗಿ, ಗಂಡನ ಒಪ್ಪಿಗೆ ಸಿಕ್ಕಮೇಲೆ ಪಿಯುಸಿ. ಹೀಗೆ ಪದವಿ ಕೈಗೆ ಬರುವ ಹೊತ್ತಿಗೆ ಮೂವತ್ತು. ಓದು ತಡವಾಗಿ ಶುರುವಾದರೂ ವಯಸ್ಸಿನ ಗಡಿಯಾರ ಮಾತ್ರ ಹುಟ್ಟಿದ ದಿನದಿಂದಲೇ ಓಡುತ್ತಿರುತ್ತದೆ. ಅನ್ಯಾಯದ ಬೇರು ಇಲ್ಲಿದೆ. ಒಂದೇ ವಯೋಮಿತಿ ಬೆಂಗಳೂರಿನವನಿಗೂ ನಮ್ಮ ಹುಣಸಗಿಯವನಿಗೂ ಇದ್ದಾಗ, ಅರ್ಜಿ ಹಾಕಲು ಬೆಂಗಳೂರಿನವನಿಗೆ ಹದಿನೈದು ವರ್ಷ ಸಿಗುತ್ತವೆ, ನಮ್ಮವನಿಗೆ ಐದೋ ಆರೋ.

ಇನ್ನು ಆ ಹುಟ್ಟಿದ ದಿನದ ಕಥೆಯೇ ಬೇರೆ. ಈ ಸಭೆಯಲ್ಲಿ ಜೂನ್ 1ರಂದು ಹುಟ್ಟಿದವರು ಕೈ ಎತ್ತಿ ಎಂದರೆ ಅರ್ಧ ಸಭೆ ಕೈ ಎತ್ತುತ್ತದೆ! ತಂದೆ ಬಂದು ‘ಮಾಸ್ತರ್, ದೊಡ್ಡ ಮಳಿ ಬಂದ ವರ್ಷ ಹುಟ್ಟ್ಯಾನ’ ಎಂದರೆ, ಹೆಡ್ ಮಾಸ್ತರರು ಶಾಲೆ ತೆರೆಯುವ ತಿಂಗಳಿಗೆ ಲೆಕ್ಕ ಸರಿಹೋಗುವಂತೆ ಒಂದು-ಆರು ಎಂದು ಬರೆದುಬಿಟ್ಟರು. ಐದು ವರ್ಷದ ಮಗುವನ್ನು ಬೇಗ ಸೇರಿಸಬೇಕೆಂದು ಆರು ಬರೆಸಿದವರೂ ಇದ್ದಾರೆ. ಆ ಮಗುವಿಗೆ ಮೂವತ್ತೆಂಟು ತುಂಬಿದಾಗ ಆ ಒಂದು ವರ್ಷದ ಬೆಲೆ ತಿಳಿಯುತ್ತದೆ. ಸರ್ಕಾರಿ ನೇಮಕಾತಿಗಳಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದಿನಾಂಕವನ್ನೇ ನೋಡುತ್ತಾರೆ. ಆದ್ದರಿಂದ ತಂದೆತಾಯಿಗಳಲ್ಲಿ ವಿನಂತಿ: ಮಗು ಹತ್ತನೇ ತರಗತಿಗೆ ಬರುವ ಮೊದಲೇ ಜನನ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆಗೂ ತಾಳೆ ನೋಡಿ. ವ್ಯತ್ಯಾಸವಿದ್ದರೆ ಆಗಲೇ ಕ್ರಮಬದ್ಧವಾಗಿ ಸರಿಪಡಿಸಿಕೊಳ್ಳಿ. ಹೊಸ ಕಾನೂನಿನ ಪ್ರಕಾರ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಶಾಲಾ ಪ್ರವೇಶಕ್ಕೆ, ಸರ್ಕಾರಿ ನೌಕರಿಗೆ ಜನನ ಪ್ರಮಾಣಪತ್ರವೇ ಆಧಾರ. ದೊಡ್ಡ ಮಳೆಯ ಲೆಕ್ಕ ಇನ್ನು ನಡೆಯುವುದಿಲ್ಲ. ಸುಳ್ಳು ವಯಸ್ಸು ಬರೆಸಿ ಎಂದು ನಾನು ಹೇಳುತ್ತಿಲ್ಲ, ನಿಜವಾದ ವಯಸ್ಸನ್ನೇ ಬರೆಸಿ ಎನ್ನುತ್ತಿದ್ದೇನೆ.

ಈಗ ವಯೋಮಿತಿಯ ವಿಚಾರಕ್ಕೆ ಬರುತ್ತೇನೆ. ಕರ್ನಾಟಕದ ಸಾಮಾನ್ಯ ನೇಮಕಾತಿ ನಿಯಮಗಳು 1977ರವು. ಅದರಂತೆ ಹೆಚ್ಚಿನ ಹುದ್ದೆಗಳಿಗೆ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, ನಮ್ಮ 2ಬಿ ಸೇರಿ 2ಎ, 3ಎ, 3ಬಿಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ 40. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಮುಸ್ಲಿಮರೆಂದರೆ ಎಲ್ಲರೂ 2ಬಿ ಎಂಬ ತಿಳಿವಳಿಕೆ ಸರಿಯಲ್ಲ. ಪಿಂಜಾರ, ನದಾಫ್, ಛಪ್ಪರ್‌ಬಂದ್, ಕಸಾಬ್, ನಾಲ್‌ಬಂದ್ ಮೊದಲಾದ ಸಮುದಾಯಗಳು ಪ್ರವರ್ಗ-1ರಲ್ಲಿವೆ. ನಮ್ಮ ತಾಲ್ಲೂಕುಗಳಲ್ಲಿ ನದಾಫ್ ಮನೆಗಳಿಗೇನು ಕಡಿಮೆಯೇ? ಶಾಲೆಯ ದಾಖಲೆಯಲ್ಲಿ ಬರೀ ‘ಮುಸ್ಲಿಂ’ ಎಂದು ಬರೆಸಿ, ನಾಡಕಚೇರಿಯಿಂದ 2ಬಿ ಪ್ರಮಾಣಪತ್ರ ತಂದಿಟ್ಟುಕೊಂಡು, ತಮಗೆ ಹಕ್ಕಾಗಿ ಬರಬೇಕಾದ ಎರಡು ವರ್ಷ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮನೆತನದ ಕಸುಬಿನ ಹೆಸರು ಹೇಳಲು ನಾಚಿಕೆ ಏಕೆ? ಹಾಸಿಗೆಗೆ ಅರಳೆ ಹಿಂಜಿದ ಕೈಗಳು ಹರಾಮಿನ ಅನ್ನ ತಿನ್ನಲಿಲ್ಲ.

ಶಿಕ್ಷಕ ಹುದ್ದೆಗಳ ಲೆಕ್ಕ ಇನ್ನೂ ಬೇರೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆಯಿತು. ಅದರಲ್ಲಿ 5,000 ಹುದ್ದೆಗಳು ನಮ್ಮ ಕಲ್ಯಾಣ ಕರ್ನಾಟಕದವು. ಆಗ ವಯೋಮಿತಿ ಸಾಮಾನ್ಯರಿಗೆ 42, 2ಬಿಗೆ 45, ಪ್ರವರ್ಗ-1ಕ್ಕೆ 47 ಇತ್ತು. ನಲವತ್ತಾಯಿತು, ಮುಗಿಯಿತು ಎಂದು ಬಿ.ಎಡ್. ಪದವಿಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದವರು ಆಗ ಅರ್ಜಿಯನ್ನೇ ಹಾಕಲಿಲ್ಲ. ಇತ್ತ ಹುದ್ದೆಗಳೂ ಪೂರ್ತಿ ತುಂಬಲಿಲ್ಲ. ಟಿಇಟಿ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಅವಧಿ ಇತ್ತು. 2021ರಲ್ಲಿ ಅದನ್ನು ಜೀವನಪರ್ಯಂತ ಮಾಡಿದರು, ಹಿಂದೆ ಪಾಸಾದವರಿಗೂ ಅನ್ವಯಿಸಿದರು. ಹಳೆಯ ಟಿಇಟಿ ಸತ್ತುಹೋಗಿದೆ ಎಂದು ತಿಳಿದವರು ಮನೆಗೆ ಹೋಗಿ ಅದನ್ನು ಹುಡುಕಿ ತೆಗೆಯಿರಿ.

ಸರ್ಕಾರ ಕೆಲವೊಮ್ಮೆ ಸಡಿಲಿಕೆಯನ್ನೂ ಕೊಡುತ್ತದೆ. 2024ರಲ್ಲಿ ಒಂದು ಸಲಕ್ಕೆಂದು ಮೂರು ವರ್ಷ ಕೊಟ್ಟಿತ್ತು. ಇಂಥ ಸಡಿಲಿಕೆ ಆ ಆದೇಶದಲ್ಲಿ ಹೇಳಿದ ಅವಧಿಯ ಅಧಿಸೂಚನೆಗಳಿಗೆ ಮಾತ್ರ. ಆದ್ದರಿಂದ ಪ್ರತಿ ಅಧಿಸೂಚನೆಯ ವಯೋಮಿತಿಯ ಪುಟವನ್ನು ನಿಮ್ಮ ಕಣ್ಣಿನಿಂದಲೇ ಓದಬೇಕು. ಯಾರೋ ಹೇಳಿದ್ದನ್ನು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಸುರಪುರದ ಒಬ್ಬ ತಾಯಿ. ಪಿಯುಸಿ ಪಾಸು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೊಲಿಗೆಯಿಂದ ಮನೆ ನಡೆಯುತ್ತಿತ್ತು. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಆಕೆಗೆ 41. ಆನ್‌ಲೈನ್ ಅಂಗಡಿಗೆ ಹೋದರು. ಅಲ್ಲಿಯ ಹುಡುಗ ಆಧಾರ್ ಕಾರ್ಡ್ ನೋಡಿ, ‘ಆಪಾ, ನಿಮ್ದು ಏಜ್ ಬಾರ್ ಆಗ್ಯಾದ, ಸುಮ್ನೆ ಫೀಸ್ ಯಾಕ ಕಳ್ಕೊಂತೀರಿ’ ಎಂದು ವಾಪಸ್ ಕಳಿಸಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅದೇ ನಿಯಮದಲ್ಲಿ ವಿಧವೆಯರಿಗೆ ಗರಿಷ್ಠ ವಯಸ್ಸಿನಲ್ಲಿ 10 ವರ್ಷದ ಸಡಿಲಿಕೆ ಇದೆ. ಅಂಗವಿಕಲರಿಗೂ 10 ವರ್ಷ, ಜೀತದಿಂದ ಬಿಡುಗಡೆಯಾದವರಿಗೂ 10 ವರ್ಷ ಇದೆ. ಆಕೆಗೆ 38ಕ್ಕೆ 10 ಕೂಡಿಸಿದರೆ 48. ಇನ್ನೂ ಏಳು ವರ್ಷ ಬಾಕಿ! ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ಅಧಿಸೂಚನೆ ತೋರಿಸಿದ ಮೇಲೆ ಅರ್ಜಿ ಹೋಯಿತು. ಪರೀಕ್ಷೆ ಬರೆದರು. ಮೆರಿಟ್‌ನಲ್ಲಿ ಹೆಸರು ಬರಲಿಲ್ಲ. ಮುಖ್ಯ ಪರೀಕ್ಷೆಗಿಂತ ಮೊದಲಿನ ಕಡ್ಡಾಯ ಕನ್ನಡ ಪರೀಕ್ಷೆಯೇ ಆಕೆಗೆ ಕಷ್ಟವಾಗಿತ್ತು. 150ಕ್ಕೆ 50 ಬಂದರೆ ಸಾಕಿತ್ತು, ಹೇಗೋ ದಾಟಿದರು. ಈಗ ಮುಂದಿನ ಅಧಿಸೂಚನೆಗೆ ಓದುತ್ತಿದ್ದಾರೆ. ನೌಕರಿ ಸಿಕ್ಕಿತು ಎಂದು ಹೇಳಿ ನಿಮ್ಮಿಂದ ಚಪ್ಪಾಳೆ ಹೊಡೆಸಬಹುದಿತ್ತು, ಆದರೆ ಸಿಕ್ಕಿಲ್ಲ. ಕಾನೂನು ಅವರನ್ನು ಹೊರಗೆ ಹಾಕಿರಲಿಲ್ಲ, ಅಂಗಡಿಯ ಹುಡುಗ ಹಾಕಿದ್ದ ಎಂಬುದಷ್ಟೇ ನಾನು ಹೇಳುವುದು.

ಕನ್ನಡದ ಮಾತು ಬಂತು. ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಹಿರಿಯ ಅಭ್ಯರ್ಥಿಗಳು ‘ಈ ವಯಸ್ಸಿನಲ್ಲಿ ಒತ್ತಕ್ಷರ ಕಲಿಯಲಿಕ್ಕೆ ಆಗ್ತದೇನ್ರಿ’ ಎಂದು ಕೇಳುತ್ತಾರೆ. ಎರಡೂ ಭಾಷೆ ಕಲಿಸುವವನಾಗಿ ನಾನು ಉತ್ತರ ಹೇಳಬೇಕು. ನಮ್ಮ ಈ ನಾಡು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ಕ್ಕೆ ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉರ್ದುವಿನಲ್ಲೇ ಮಿಸಲು ಬರೆದು ನಲವತ್ತು ದಾಟಿದ ಗುಮಾಸ್ತರು, ಮಾಸ್ತರರು, ಪಟವಾರಿಗಳು ಮುಂದೆ ಕನ್ನಡದಲ್ಲಿ ವ್ಯವಹರಿಸಬೇಕಾಯಿತು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ತಮ್ಮ ಮಕ್ಕಳ ಪಾಟಿಯ ಮೇಲೆಯೇ ಅವರು ಕನ್ನಡ ತಿದ್ದಿದರೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದರು. ಅವರಿಗೆ ಆಗ ಕೋಚಿಂಗ್ ಇರಲಿಲ್ಲ, ಮೊಬೈಲ್ ಇರಲಿಲ್ಲ. ಉರ್ದು ಬಲ್ಲವರಿಗೆ ಕನ್ನಡದ ಲಿಪಿಯೊಂದೇ ಹೊಸದು. ಮಾತು ಬಾಲ್ಯದಿಂದಲೂ ಬಜಾರಿನಲ್ಲಿ ಕಲಿತದ್ದೇ ಅಲ್ಲವೇ? ಆರು ತಿಂಗಳು ದಿನಕ್ಕೊಂದು ಗಂಟೆ ಕೂತರೆ 50 ಅಂಕ ದೊಡ್ಡದಲ್ಲ.

371ಜೆ ಬಗ್ಗೆ ಎರಡೇ ಮಾತು. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಬಂದ ಈ ಸೌಲಭ್ಯದಲ್ಲಿ ಸ್ಥಳೀಯ ಹುದ್ದೆಗಳ ಪೈಕಿ ‘ಎ’ ಮತ್ತು ‘ಬಿ’ ಗುಂಪಿನಲ್ಲಿ ಶೇಕಡಾ 75, ‘ಸಿ’ಯಲ್ಲಿ 80, ‘ಡಿ’ಯಲ್ಲಿ 85 ನಮ್ಮವರಿಗೆ. ಇದರಿಂದ ವಯಸ್ಸಿನ ಮಿತಿ ಹೆಚ್ಚುವುದಿಲ್ಲ, ಸ್ಪರ್ಧೆ ಕಡಿಮೆಯಾಗುತ್ತದೆ. ಒಂದೆರಡೇ ಅವಕಾಶ ಉಳಿದಿರುವ ಹಿರಿಯ ಅಭ್ಯರ್ಥಿಗೆ ಅದೇ ದೊಡ್ಡದು. ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪ್ರಮಾಣಪತ್ರವನ್ನು ಅಧಿಸೂಚನೆ ಬಂದಮೇಲೆ ಮಾಡಿಸಲು ಓಡಬೇಡಿ, ಈಗಲೇ ಮಾಡಿಸಿಟ್ಟುಕೊಳ್ಳಿ.

ಇಲ್ಲಿಯವರೆಗೆ ಸರ್ಕಾರಿ ನೌಕರಿಯ ಮಾತಾಯಿತು. ಆದರೆ ಎಲ್ಲರಿಗೂ ಸರ್ಕಾರಿ ನೌಕರಿ ಸಿಗುವುದಿಲ್ಲ. ಖಾಸಗಿಯಲ್ಲಿ ಲಿಖಿತ ವಯೋಮಿತಿಯೇ ಇಲ್ಲ, ಆದರೆ ಅಲ್ಲಿ ಬಾಗಿಲು ಇನ್ನೂ ಬೇಗ ಮುಚ್ಚುತ್ತದೆ. ಬಟ್ಟೆ ಅಂಗಡಿಗೆ ಇಪ್ಪತ್ತೈದರ ಒಳಗಿನ ಹುಡುಗಿಯರು ಬೇಕು. ಕಾರ್ಖಾನೆಗೆ ಮೂವತ್ತರ ಒಳಗಿನವರು. ಸೌದಿಯಲ್ಲಿ ಹದಿನೈದು ವರ್ಷ ದೊಡ್ಡ ಗಾಡಿ ಓಡಿಸಿ, 2020ರ ಕೊರೊನಾ ಕಾಲದಲ್ಲಿ ಶಹಾಪುರಕ್ಕೆ ಮರಳಿದ ಒಬ್ಬ ಗೆಳೆಯರಿಗೆ ಆಗ 46. ‘ಚಾಚಾ, ನಿಮಗೆ ರಾತ್ರಿ ಡ್ಯೂಟಿ ಆಗೋದಿಲ್ಲ’ ಎಂದು ಪ್ರಯತ್ನಿಸಲೂ ಬಿಡದೆ ಕಳಿಸಿದರಂತೆ. ಚಾಚಾ ಎನ್ನುವ ಮರ್ಯಾದೆಯ ಶಬ್ದವೇ ನೌಕರಿ ಇಲ್ಲ ಎನ್ನುವುದಕ್ಕೆ ಬಳಕೆಯಾಯಿತು ನೋಡಿ.

ಇದಕ್ಕೆ ಕಾನೂನಿನ ರಕ್ಷಣೆ ಇದೆಯೇ? ಅಮೆರಿಕದಲ್ಲಿ 1967ರಲ್ಲೇ ಕಾನೂನಾಗಿದೆ. ನಲವತ್ತು ದಾಟಿದವರನ್ನು ವಯಸ್ಸಿನ ಕಾರಣಕ್ಕೆ ನಿರಾಕರಿಸುವಂತಿಲ್ಲ. ನಮ್ಮ ಸಂವಿಧಾನದ 16ನೇ ಅನುಚ್ಛೇದ ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳಗಳ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿ ಮಾಲೀಕರಿಗಂತೂ ಇಂಥ ಸಾಮಾನ್ಯ ಕಾನೂನೇ ಇಲ್ಲ. ಹಾಗಾಗಿ ಇಲ್ಲಿ ಕೋರ್ಟಿಗಿಂತ ಮನಸ್ಸಾಕ್ಷಿಯ ಮುಂದೆಯೇ ಹೆಚ್ಚು ವಾದಿಸಬೇಕಾಗಿದೆ.

ಮಾಲೀಕರು ಹೇಳುವ ಕಾರಣಗಳಲ್ಲಿ ಒಂದನ್ನು ಮಾತ್ರ ನಾನು ಒಪ್ಪುತ್ತೇನೆ. ಕಂಪ್ಯೂಟರ್ ಬಾರದಿದ್ದರೆ ಇಂದು ಶಾಲೆಯ ಗುಮಾಸ್ತಿಕೆಯೂ ನಡೆಯುವುದಿಲ್ಲ. ಅದನ್ನು ಕಲಿಯಲೇಬೇಕು. ಕನ್ನಡ, ಉರ್ದು ಎರಡರಲ್ಲೂ ಟೈಪ್ ಮಾಡಬಲ್ಲವರು ನಮ್ಮಲ್ಲಿ ಎಷ್ಟು ಜನ ಸಿಗುತ್ತಾರೆ? ಮದುವೆ ಪತ್ರಿಕೆಗೂ ಹುಡುಕಾಡುತ್ತೇವೆ. ಉಳಿದ ಕಾರಣಗಳು ನೆಪಗಳು. ಹಿರಿಯರಿಗೆ ಕಾಯಿಲೆ ಹೆಚ್ಚು ಎನ್ನುವವರು ಹಬ್ಬದ ಮರುದಿನ ಯಾರು ಕೆಲಸಕ್ಕೆ ಬಾರದೆ ಹೋಗುತ್ತಾರೆಂದು ಹಾಜರಿ ಪುಸ್ತಕ ನೋಡಲಿ. ಇವರು ಎಷ್ಟು ದಿನ ಇರುತ್ತಾರೆ ಎಂಬ ಪ್ರಶ್ನೆಗೂ ಉತ್ತರ ಇದೆ. ಸರ್ಕಾರಿ ನಿವೃತ್ತಿ ವಯಸ್ಸೇ 60. ನಲವತ್ತೈದಕ್ಕೆ ಸೇರಿದವರ ಮುಂದೆ ಹದಿನೈದು ವರ್ಷ ಇದೆ. ಇಪ್ಪತ್ತೈದರ ಹುಡುಗ ಎರಡು ವರ್ಷಕ್ಕೆ ಬೆಂಗಳೂರಿಗೆ ಹೋಗುವುದನ್ನು ನಮ್ಮ ಎಲ್ಲ ಶಾಲೆಗಳೂ ಕಂಡಿವೆ.

ನಾವು ಮುಸ್ಲಿಮರು ಈ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿರಬೇಕಿತ್ತು. ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಹಜರತ್ ಮೂಸಾ (ಅ) ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ಮಗಳು ತಂದೆಗೆ ಹೇಳುವ ಪ್ರಸಂಗವಿದೆ. ಅಲ್ಲಿ ನೋಡಿದ್ದು ಎರಡೇ ಗುಣ: ಸಾಮರ್ಥ್ಯ ಮತ್ತು ಅಮಾನತ್ತು. ವಯಸ್ಸನ್ನು ಕೇಳಲಿಲ್ಲ. ಪ್ರವಾದಿ ಮುಹಮ್ಮದ್ (ಸ) ಅವರಿಗೆ ಪ್ರವಾದಿತ್ವ ಬಂದದ್ದು ನಲವತ್ತನೆಯ ವಯಸ್ಸಿನಲ್ಲಿ ಎಂದು ಮದರಸಾದ ಮಕ್ಕಳೂ ಬಲ್ಲರು. ನಮ್ಮ ಗುಲಬರ್ಗಾದ ಹಜರತ್ ಖ್ವಾಜಾ ಬಂದೇ ನವಾಜ್ ಅವರನ್ನೇ ನೋಡಿ. 1321ರಲ್ಲಿ ಹುಟ್ಟಿದವರು ದಿಲ್ಲಿ ಬಿಟ್ಟು ದಖ್ಖನಿಗೆ ಬಂದು ಗುಲಬರ್ಗಾದಲ್ಲಿ ನೆಲೆಸಿದಾಗ ಎಂಬತ್ತರ ಆಸುಪಾಸು. ಆಮೇಲೆ 1422ರಲ್ಲಿ ವಿಸಾಲ್ ಆಗುವವರೆಗೆ ಎರಡು ದಶಕ ಅಲ್ಲಿ ಪಾಠ ಹೇಳಿದರು. ಔಲಿಯಾಗಳನ್ನು ನೌಕರಿ ಹುಡುಕುವವರಿಗೆ ಹೋಲಿಸುವುದು ಸಲ್ಲದು, ನಿಜ. ಆದರೆ ಉರುಸಿಗೆ ಗಾಡಿ ಕಟ್ಟಿಕೊಂಡು ಹೋಗುವ ನಾವು, ನಲವತ್ತೆರಡರ ಒಬ್ಬ ಶಿಕ್ಷಕಿಗೆ ‘ಇನ್ನೇನು ಕಲಿಸ್ತೀರಿ’ ಎಂದು ಕೇಳುವುದು ಹೇಗೆ?

ಇದನ್ನು ಹೊರಗಿನವರಿಗೆ ಹೇಳುತ್ತಿಲ್ಲ. ನಮ್ಮದೇ ಸಮಾಜದ ಸಂಸ್ಥೆಗಳ ಜಾಹೀರಾತುಗಳನ್ನು ನಾನು ಮೇ ತಿಂಗಳಿನಲ್ಲಿ ಓದುತ್ತೇನೆ. ‘ಶಿಕ್ಷಕಿಯರು ಬೇಕಾಗಿದ್ದಾರೆ, ವಯಸ್ಸು 30ರ ಒಳಗೆ.’ ಯಾವ ಇಲಾಖೆಯೂ ಈ ಸಾಲು ಹಾಕಿ ಎಂದು ಅವರಿಗೆ ಹೇಳಿಲ್ಲ. ವಯಸ್ಸು ಕಡಿಮೆಯಿದ್ದರೆ ಸಂಬಳ ಕಡಿಮೆ ಕೇಳುತ್ತಾರೆ ಎಂಬುದೇ ನಿಜವಾದ ಕಾರಣ. ಹಿರಿಯರ ಮನಸ್ಸಿಗೆ ನೋವಾದರೆ ಕ್ಷಮೆ ಇರಲಿ, ಮಾತು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ನಮ್ಮ ಸಂಘದ ಅಧೀನದಲ್ಲಿ, ನಮ್ಮ ಸದಸ್ಯರ ಕೈಯಲ್ಲಿ ಇರುವ ಶಾಲೆಗಳಾದರೂ ಬರುವ ವರ್ಷದಿಂದ ಈ ಸಾಲನ್ನು ತೆಗೆಯಬೇಕು. ಒಂದು ಪೀರಿಯಡ್ ಪಾಠ ಮಾಡಿಸಿ ನೋಡಿ, ಆಮೇಲೆ ಬೇಕೋ ಬೇಡವೋ ಹೇಳಿ. ಇದನ್ನು ಇಂದಿನ ಸಭೆಯ ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂದು ಅಧ್ಯಕ್ಷರನ್ನು ಕೋರುತ್ತೇನೆ.

ಕೈಕಸುಬಿನವರಿಗೆ ದಾರಿ ಸ್ವಲ್ಪ ಅಗಲವಾಗಿದೆ. 2023ರಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ, ಗೌಂಡಿ, ಕಮ್ಮಾರ, ಬಡಗಿ, ಕ್ಷೌರಿಕ ಹೀಗೆ 18 ಕಸುಬುಗಳಿವೆ. ಕನಿಷ್ಠ ವಯಸ್ಸು 18, ಗರಿಷ್ಠ ಮಿತಿ ಇಲ್ಲ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ. ಬಡ್ಡಿಯ ಪ್ರಶ್ನೆ ಬಂದಾಗ ನಮ್ಮಲ್ಲಿ ಕೆಲವರು ಹಿಂಜರಿಯುತ್ತಾರೆ. ಅವರು ಸಾಲ ಬಿಟ್ಟು ತರಬೇತಿ ಮತ್ತು ಸಲಕರಣೆಯನ್ನಷ್ಟೇ ಪಡೆಯಬಹುದು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಗೆ 55 ವರ್ಷದವರೆಗೂ ಅರ್ಜಿ ಹಾಕಬಹುದು. ಬಿ.ಎಡ್. ಆದವರಿಗೆ ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರ ಕೆಲಸ ಇದೆ. ಗೌರವಧನ ಕಡಿಮೆ, ಪ್ರತಿವರ್ಷ ಹೊಸದಾಗಿ ಸೇರಬೇಕು, ಬೇಸಿಗೆಯಲ್ಲಿ ಕೈ ಖಾಲಿ. ಅದನ್ನು ಒಳ್ಳೆಯ ನೌಕರಿ ಎಂದು ನಾನು ಹೊಗಳುವುದಿಲ್ಲ. ಆದರೆ ಹತ್ತು ವರ್ಷ ಮನೆಯಲ್ಲಿದ್ದವರಿಗೆ ಕಪ್ಪುಹಲಗೆಯ ಮುಂದೆ ಮತ್ತೆ ನಿಲ್ಲುವ ಧೈರ್ಯ ಅಲ್ಲಿ ಬರುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸ ಇದೆ. ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಅಧಿಸೂಚನೆ ಓದುವ ಕನ್ನಡ, ಇಂಗ್ಲಿಷ್ ಇದೆ. ಸಂಘದ ಕಚೇರಿಯಲ್ಲಿ ಭಾನುವಾರ ಜೊಹರ್ ನಮಾಜಿನ ನಂತರ ಎರಡು ಗಂಟೆ ಕಾಲ ಒಂದು ಮೇಜು ಹಾಕಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ನಿಮ್ಮಲ್ಲಿ ಇಬ್ಬರು ಪ್ರತಿವಾರ ಕೂತು, ಬಂದವರ ಜನ್ಮದಿನಾಂಕ ಮತ್ತು ಪ್ರವರ್ಗ ಕೇಳಿ, ಅರ್ಜಿಯ ಕೊನೆಯ ದಿನಕ್ಕೆ ವಯಸ್ಸಿನ ಲೆಕ್ಕ ಹಾಕಿ, ಅರ್ಜಿ ತುಂಬಿಕೊಡಬೇಕು. ನಾನೂ ಇರುತ್ತೇನೆ. ಹಿರಿಯರು ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, 371ಜೆ ಪ್ರಮಾಣಪತ್ರ ತನ್ನಿ. ವಿಧವೆಯರು ಗಂಡನ ಮರಣ ಪ್ರಮಾಣಪತ್ರವನ್ನೂ ತರಬೇಕು. ಜಾತಿ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಅದಕ್ಕಿಂತ ಮೊದಲೇ ನಾಡಕಚೇರಿಗೆ ಹೋಗಿ ಬನ್ನಿ. ಶಹಾಪುರ ಮತ್ತು ಸುರಪುರದವರಿಗೆ ಯಾದಗಿರಿಯವರೆಗೆ ಬರುವುದು ಕಷ್ಟವಾದರೆ, ಅಲ್ಲಿಯ ಶಿಕ್ಷಕ ಬಂಧುಗಳು ಈ ಸಭೆ ಮುಗಿಯುವ ಮೊದಲು ನನಗೆ ಹೆಸರು ಕೊಡಿ, ಅಲ್ಲಿಯೂ ಒಂದೊಂದು ಮೇಜು ಹಾಕೋಣ.